ಫೈಲಿನ ಮೇಲೊಂದು ಪ್ರಶ್ನಾರ್ಥಕ ಚಿಹ್ನೆ: ಕಿವಿ, ಕಣ್ಣು ಎರಡಕ್ಕೂ ತಟ್ಟುವ ವಂಶವಾಹಿ ಕಾಯಿಲೆ "ಇರಬಹುದು" ಅಂದಾಗ ಏನೇನು ಮಾಡಬೇಕು

ನನ್ನ ಫೈಲಿನಲ್ಲಿ ಕಣ್ಣಿನ ಡಾಕ್ಟರು ಬರೆದದ್ದು ಎರಡೇ ಪದ: ಅಶರ್ ಸಿಂಡ್ರೋಮ್. ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಅವತ್ತು ರಾತ್ರಿಯೆಲ್ಲ ಕೂತು ಆ ಎರಡು ಪದದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಪ್ರಶ್ನಾರ್ಥಕ ಚಿಹ್ನೆಯ ಜೊತೆ ಬದುಕುವುದು ಹೇಗೆ ಅಂತ ಮಾತ್ರ ಎಲ್ಲೂ ಸಿಗಲಿಲ್ಲ. ಇದೆ ಅನ್ನುವವರಿಗೆ ಒಂದು ದಾರಿ, ಇಲ್ಲ ಅನ್ನುವವರಿಗೆ ಇನ್ನೊಂದು ದಾರಿ. ಇರಬಹುದು ಅನ್ನುವವರು ನಡುವೆ ನಿಂತಿರುತ್ತೇವೆ, ಕೆಲವೊಮ್ಮೆ ವರ್ಷಗಟ್ಟಲೆ.

ನನಗೆ ಚಿಕ್ಕಂದಿನಿಂದ ಹಿಯರಿಂಗ್ ಏಡ್ ಇದೆ. ಕತ್ತಲಲ್ಲಿ ತಡವರಿಸುತ್ತೇನೆ ಅಂತ ಗೊತ್ತಾದದ್ದು ಇಪ್ಪತ್ತು ದಾಟಿದ ಮೇಲೆ. ನಾನು ಡಾಕ್ಟರಲ್ಲ. ಈ ನಡುವಿನ ಜಾಗದಲ್ಲಿ ಕೂತು, ಯಾವುದನ್ನು ಮೊದಲು ಮಾಡಬೇಕಿತ್ತು, ಯಾವುದಕ್ಕೆ ಸುಮ್ನೆ ಕಾದೆ ಅಂತ ಕಲಿತದ್ದನ್ನು ಬರೆಯುತ್ತಿದ್ದೇನೆ. ನಿಮಗಾಗಲಿ ನಿಮ್ಮ ಮಗುವಿಗಾಗಲಿ ಹೀಗೊಂದು ಅನುಮಾನ ಬಂದಿದ್ದರೆ, ಪಕ್ಕಾ ಹೆಸರು ಬರಲಿ ಆಮೇಲೆ ನೋಡೋಣ ಅಂತ ಕೂರಬೇಡಿ. ಕೆಳಗೆ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಕೆಲಸಕ್ಕೆ ಹೆಸರೇ ಬೇಕಾಗಿಲ್ಲ.

## ಮೊದಲು, ಅನುಮಾನ ಯಾಕೆ ಬಂತು ಅಂತ ತಿಳಿದುಕೊಳ್ಳಿ

ಒಳಕಿವಿಯಲ್ಲಿ ಕೂದಲಿನಂಥ ಎಳೆಗಳಿರುವ ಕೋಶಗಳಿವೆ, ಶಬ್ದ ಹಿಡಿಯುವುದು ಅವೇ. ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳಿವೆ. ಕೆಲಸ ಬೇರೆ ಬೇರೆ, ಆದರೆ ಎರಡೂ ಕಡೆ ಬಳಕೆಯಾಗುವ ಕೆಲವು ಪ್ರೋಟೀನುಗಳು ಒಂದೇ. ಅಂಥ ಪ್ರೋಟೀನು ತಯಾರಿಸುವ ಜೀನ್‌ನಲ್ಲಿ ತಪ್ಪಿದ್ದರೆ ಎರಡೂ ಕಡೆ ಪೆಟ್ಟು ಬೀಳುತ್ತದೆ. ಅಶರ್ ಅಂದರೆ ಇದೇ. ಕಿವುಡು ಮತ್ತು ರೆಟಿನಾ ತೊಂದರೆ ಒಟ್ಟಿಗೆ ಬರುವುದನ್ನು 1858ರಲ್ಲೇ ವಾನ್ ಗ್ರೇಫ ಅನ್ನುವ ಜರ್ಮನ್ ಕಣ್ಣಿನ ವೈದ್ಯ ಗಮನಿಸಿದ್ದ. ಇದು ಮನೆತನದಲ್ಲಿ ಹೇಗೆ ಹರಿದು ಬರುತ್ತದೆ ಅಂತ 1914ರಲ್ಲಿ ಬರೆದವನು ಸ್ಕಾಟ್ಲೆಂಡಿನ ಚಾರ್ಲ್ಸ್ ಅಶರ್, ಹೆಸರು ಅವನದೇ ಉಳಿಯಿತು.

ಇದರಲ್ಲಿ ಮೂರು ಬಗೆ. ಒಂದನೇ ಬಗೆಯವರಿಗೆ ಹುಟ್ಟಿದಾಗಲೇ ಕಿವಿ ಹೆಚ್ಚುಕಡಿಮೆ ಪೂರ್ತಿ ಕೇಳಿಸುವುದಿಲ್ಲ, ಒಳಕಿವಿಯ ಸಮತೋಲನದ ಭಾಗವೂ ಕೆಲಸ ಮಾಡುವುದಿಲ್ಲ, ಹಾಗಾಗಿ ಮಗು ಕೂರುವುದು ತಡ, ನಡೆಯುವುದು ಒಂದೂವರೆ ವರ್ಷ ದಾಟಿದ ಮೇಲೆ. ಕತ್ತಲಲ್ಲಿ ಕಾಣದಿರುವುದು ಹತ್ತು ವರ್ಷದೊಳಗೇ ಶುರುವಾಗುತ್ತದೆ. ಎರಡನೇ ಬಗೆಯಲ್ಲಿ ಹುಟ್ಟಿನಿಂದ ಕಿವಿ ಮಂದ, ಸಮತೋಲನ ಸರಿ ಇರುತ್ತದೆ, ಕಣ್ಣಿನ ತೊಂದರೆ ಸಾಮಾನ್ಯವಾಗಿ ಹದಿಹರೆಯದಲ್ಲಿ ಗೊತ್ತಾಗುತ್ತದೆ. ಮೂರನೆಯದರಲ್ಲಿ ಮಗು ಮಾತು ಕಲಿಯುವಾಗ ಕಿವಿ ಚೆನ್ನಾಗಿಯೇ ಇದ್ದು ಆಮೇಲೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಇದು ಅಪರೂಪ, ಫಿನ್‌ಲೆಂಡಿನವರು, ಅಶ್ಕೆನಾಜಿ ಯಹೂದಿಗಳಂಥ ಕೆಲವು ಜನರಲ್ಲಿ ಮಾತ್ರ ಜಾಸ್ತಿ.

ಕಣ್ಣಿನಲ್ಲಿ ಆಗುವುದಕ್ಕೆ ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನುತ್ತಾರೆ, ಎಲ್ಲರೂ ಆರ್‌ಪಿ ಅಂತಲೇ ಕರೆಯುವುದು. ಮೊದಲು ಸಾಯುವುದು ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕೋಶಗಳು. ಅದಕ್ಕೇ ಇರುಳುಗಣ್ಣು ಮೊದಲು, ಆಮೇಲೆ ಬದಿಯ ನೋಟ ಕಿರಿದಾಗುತ್ತದೆ. ನಡುವಿನ ನೋಟ ಬಹಳ ವರ್ಷ ಉಳಿಯುತ್ತದೆ. ಅದರಿಂದಲೇ ಫಜೀತಿ: ಡಾಕ್ಟರ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿ "ಕಣ್ಣು ಚೆನ್ನಾಗಿದೆ" ಅನ್ನಿಸಿಕೊಂಡು ಮನೆಗೆ ಬರುವಾಗ ಬಾಗಿಲಲ್ಲಿ ಯಾರದೋ ಚೀಲ ಎಡವುತ್ತೀರಿ. ಇನ್ನೊಂದು ವಿಷಯ. ಸುರಂಗದ ಹಾಗೆ ಸುತ್ತ ಕಪ್ಪು ಕಾಣಿಸುತ್ತದೆ ಅಂತ ಚಿತ್ರಗಳಲ್ಲಿ ತೋರಿಸುತ್ತಾರೆ, ನನಗಂತೂ ಹಾಗೆ ಕಾಣಿಸಿದ್ದೇ ಇಲ್ಲ. ಕಾಣದ ಜಾಗವನ್ನು ಮಿದುಳು ತಾನೇ ತೇಪೆ ಹಾಕಿ ಮುಚ್ಚಿಬಿಡುತ್ತದೆ. ಏನೂ ಇಲ್ಲ ಅಂದುಕೊಂಡ ಜಾಗದಿಂದ ಧುತ್ತಂತ ಒಬ್ಬ ಮನುಷ್ಯ ಎದುರಿಗೆ ಬಂದು ನಿಲ್ಲುತ್ತಾನೆ, ಅಷ್ಟೇ.

ಕಿವಿ, ಕಣ್ಣು ಎರಡೂ ಮಂದವಾದರೆ ಅಶರ್ರೇ ಆಗಬೇಕಂತಿಲ್ಲ. ಸಕ್ಕರೆ ಕಾಯಿಲೆಯೂ ಇದ್ದರೆ ವೋಲ್ಫ್ರಮ್, ಆಲ್‌ಸ್ಟ್ರಾಮ್, ತಾಯಿಯಿಂದ ಬರುವ ಮೈಟೊಕಾಂಡ್ರಿಯಾ ತೊಂದರೆ ಇವುಗಳನ್ನು ನೋಡಬೇಕಾಗುತ್ತದೆ. ಮೂತ್ರದಲ್ಲಿ ರಕ್ತ ಹೋಗುತ್ತಿದ್ದರೆ ಆಲ್‌ಪೋರ್ಟ್. ಚಿಕ್ಕಂದಿನಿಂದ ದಪ್ಪ ಮೈನಸ್ ಕನ್ನಡಕ, ಸೀಳು ಅಂಗುಳ ಇದ್ದರೆ ಸ್ಟಿಕ್ಲರ್. ವಾಸನೆಯೂ ಗೊತ್ತಾಗದೆ ಕೈಕಾಲು ಜೋಮು ಹಿಡಿಯುತ್ತಿದ್ದರೆ ರೆಫ್ಸಮ್ ಇರಬಹುದು. ರೆಫ್ಸಮ್ ಹೆಸರನ್ನು ಮಾತ್ರ ನೆನಪಿಡಿ, ಯಾಕೆಂದರೆ ಅದರಲ್ಲಿ ಆಹಾರದಿಂದ ಬರುವ ಫೈಟಾನಿಕ್ ಆಮ್ಲ ಅನ್ನುವ ಕೊಬ್ಬಿನ ಅಂಶ ರಕ್ತದಲ್ಲಿ ಸೇರಿಕೊಳ್ಳುತ್ತದೆ, ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಆಹಾರದಲ್ಲಿ ಕಟ್ಟುನಿಟ್ಟು ಮಾಡಿದರೆ ಹಿಡಿತಕ್ಕೂ ಬರುತ್ತದೆ. "ರೆಫ್ಸಮ್ ನೋಡಿದ್ದೀರಾ?" ಅಂತ ಬಾಯಿಬಿಟ್ಟು ಕೇಳಿ. ಕೇಳಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

## ಒಂದು ತಿಂಗಳು ಬರೆದಿಡಿ

ಡಾಕ್ಟರ ಮುಂದೆ ಕೂತಾಗ ನೆನಪಾಗುವುದೇ ಇಲ್ಲ. ಅದಕ್ಕೇ ಒಂದು ತಿಂಗಳು ಫೋನಿನಲ್ಲೋ ಪುಸ್ತಕದಲ್ಲೋ ಬರೆಯಿರಿ. "ಕಣ್ಣು ಮಂದ" ಅಂತಲ್ಲ, ನಡೆದದ್ದನ್ನು. ನನ್ನ ಪುಟದಲ್ಲಿದ್ದ ಕೆಲವು ಸಾಲು ಹೀಗಿವೆ: ಬಿಸಿಲಿನಿಂದ ಒಳಗೆ ಬಂದಾಗ ಎಲ್ಲರೂ ಆಗಲೇ ಕೂತಿದ್ದರು, ನಾನಿನ್ನೂ ಕುರ್ಚಿ ತಡಕುತ್ತಿದ್ದೆ. ಕೈಕುಲುಕಲು ಚಾಚಿದ ಕೈ ಕಾಣಲಿಲ್ಲ, ಅವರು ಬೇಜಾರು ಮಾಡಿಕೊಂಡರು. ಪೆನ್ನು ಬಿತ್ತು, ಕಾಲ ಬುಡದಲ್ಲೇ ಇತ್ತು, ಸಿಗಲಿಲ್ಲ. ಅರ್ಧ ತೆರೆದ ಕಪಾಟಿನ ಬಾಗಿಲು, ಹಣೆ. ಮತ್ತೆ ಅದೇ ಬಾಗಿಲು, ಅದೇ ಹಣೆ.

ಮಗುವಾದರೆ ನೋಡಬೇಕಾದದ್ದು ಬೇರೆ. ಸಂಜೆಯಾಗುತ್ತಲೇ ಆಟ ಬಿಟ್ಟು ನಿಮ್ಮ ಕೈ ಹಿಡಿಯುತ್ತದೆಯಾ, ದೀಪ ಆರಿದರೆ ನಿಂತಲ್ಲೇ ನಿಲ್ಲುತ್ತದೆಯಾ, ಕತ್ತಲಲ್ಲಿ ಇದ್ದಕ್ಕಿದ್ದ ಹಾಗೆ "ಮಾತು ಕೇಳುವುದಿಲ್ಲ" ಅನ್ನುವ ಹಾಗಾಗುತ್ತದೆಯಾ. ಕೊನೆಯದು ತುಂಟತನ ಅಲ್ಲ, ತುಟಿ ಕಾಣುತ್ತಿಲ್ಲ. ಕಿವಿ ಮಂದ ಇರುವ ಮಗು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ತುಟಿ ನೋಡಿಯೇ ಕೇಳಿಸಿಕೊಳ್ಳುತ್ತಿರುತ್ತದೆ.

ಬದಿಯ ನೋಟವನ್ನು ಮನೆಯಲ್ಲೇ ಒರಟಾಗಿ ನೋಡಿಕೊಳ್ಳಬಹುದು. ಒಂದು ಮೀಟರ್ ದೂರದಲ್ಲಿ ಒಬ್ಬರನ್ನು ಎದುರಿಗೆ ಕೂರಿಸಿ. ನೀವು ಎಡಗಣ್ಣು ಮುಚ್ಚಿಕೊಳ್ಳಿ, ಅವರು ಬಲಗಣ್ಣು ಮುಚ್ಚಿಕೊಳ್ಳಲಿ. ಇಬ್ಬರೂ ಒಬ್ಬರ ಕಣ್ಣನ್ನೊಬ್ಬರು ನೋಡುತ್ತಾ ಇರಬೇಕು, ಕದಲಬಾರದು. ಇಬ್ಬರ ಮಧ್ಯದ ದೂರದಲ್ಲಿ ಅವರು ಬೆರಳು ಆಡಿಸುತ್ತಾ ಹೊರಗಿನಿಂದ ಒಳಕ್ಕೆ ತರಲಿ. ಅವರಿಗೆ ಕಂಡ ಎಷ್ಟೋ ಹೊತ್ತಿನ ಮೇಲೆ ನಿಮಗೆ ಕಂಡರೆ ಅದನ್ನು ಬರೆದಿಟ್ಟುಕೊಳ್ಳಿ. ಇದರಲ್ಲಿ ಸರಿ ಬಂತು ಅಂತ ನಿಶ್ಚಿಂತೆಯಾಗಿ ಕೂರಬೇಡಿ, ನಡುನಡುವೆ ಉಂಗುರದ ಹಾಗೆ ಹೋದ ನೋಟ ಇದರಲ್ಲಿ ಸಿಗದೇ ಇರಬಹುದು.

## ಪರೀಕ್ಷೆಗಳು, ಮತ್ತು ಕತ್ತಲ ಕೋಣೆಯಲ್ಲಿ ಏನಾಗುತ್ತದೆ

ಕಿವಿಯದು ಸುಲಭ. ಆಡಿಯೋಗ್ರಾಮ್, ಅಂದರೆ ಯಾವ ದನಿ ಎಷ್ಟು ಕೇಳಿಸುತ್ತದೆ ಅನ್ನುವ ನಕ್ಷೆ. ಚಿಕ್ಕ ಮಗುವಾದರೆ ಒಎಇ ಮತ್ತು ಬೆರಾ, ಮಗು ಉತ್ತರ ಕೊಡದೆಯೇ ಒಳಕಿವಿ, ಶ್ರವಣ ನರ ನೋಡುವ ಪರೀಕ್ಷೆಗಳು. ಎರಡನೇ ಬಗೆಯವರ ಆಡಿಯೋಗ್ರಾಮ್ ಇಳಿಜಾರಿನ ಹಾಗಿರುತ್ತದೆ, ದಪ್ಪ ದನಿ ಅಷ್ಟಿಷ್ಟು ಕೇಳಿಸುತ್ತದೆ, ಕೀಚಲು ದನಿ ಕೇಳಿಸುವುದೇ ಇಲ್ಲ. "ಸರಿ" ಅಂದರೆ "ಅರಿ" ಆಗುತ್ತದೆ, ಸ ಮತ್ತು ಶ ಎಲ್ಲಿಗೋ ಹೋಗಿರುತ್ತವೆ. ಹಳೆಯ ಆಡಿಯೋಗ್ರಾಮ್‌ಗಳು ಇದ್ದರೆ ಒಂದನ್ನೂ ಬಿಸಾಡಬೇಡಿ. ಹತ್ತು ವರ್ಷದಲ್ಲಿ ಇಳಿದಿದೆಯಾ, ಹಾಗೇ ಇದೆಯಾ ಅನ್ನುವುದೇ ಒಂದು ಸುಳಿವು.

ಕಣ್ಣಿನದು ದಿನವಿಡೀ ಹಿಡಿಯುತ್ತದೆ. ಹನಿ ಹಾಕಿ ರೆಟಿನಾ ನೋಡುತ್ತಾರೆ. ಒಸಿಟಿ ಅನ್ನುವ ಸ್ಕ್ಯಾನ್ ರೆಟಿನಾದ ಪದರಗಳನ್ನು ತೋರಿಸುತ್ತದೆ. ಫೀಲ್ಡ್ ಟೆಸ್ಟ್‌ನಲ್ಲಿ ಬಟ್ಟಲಿನಂಥ ಯಂತ್ರದೊಳಗೆ ನೋಡುತ್ತಾ ಚುಕ್ಕಿ ಕಂಡಾಗ ಗುಂಡಿ ಒತ್ತಬೇಕು. ಸುಸ್ತಾಗಿದ್ದರೆ ಫಲಿತಾಂಶ ಕೆಟ್ಟದಾಗಿ ಬರುತ್ತದೆ, ಹಾಗಾಗಿ ದಿನದ ಮೊದಲ ಹೊತ್ತಿನಲ್ಲಿ ಕೇಳಿ ಹಾಕಿಸಿಕೊಳ್ಳಿ. ಇವೆಲ್ಲದರ ಮೇಲೆ ಇಆರ್‌ಜಿ. ಕಣ್ಣಿಗೆ ಬೆಳಕು ಮಿಂಚಿಸಿ ರೆಟಿನಾ ಎಷ್ಟು ವಿದ್ಯುತ್ ಸಂಕೇತ ಕೊಡುತ್ತದೆ ಅಂತ ಅಳೆಯುವುದು. ನಿಮಗಿನ್ನೂ ಏನೂ ಗೊತ್ತಾಗದ ಹಂತದಲ್ಲೇ ಇದರಲ್ಲಿ ಕುಸಿತ ಕಾಣಿಸಬಹುದು.

ಇಆರ್‌ಜಿಗೆ ಮೊದಲು 20 ನಿಮಿಷ ಕಗ್ಗತ್ತಲಲ್ಲಿ ಕೂರಿಸುತ್ತಾರೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಕೆಲವು ಕಡೆ ತಲೆಗೆ ವೈರ್ ಅಂಟಿಸುವಾಗ ಹಿಯರಿಂಗ್ ಏಡ್ ಕೂಡ ತೆಗೆಸುತ್ತಾರೆ. ಯೋಚಿಸಿ: ಏನೂ ಕೇಳಿಸುವುದಿಲ್ಲ, ಏನೂ ಕಾಣಿಸುವುದಿಲ್ಲ, ಯಾರೋ ಬಂದು ಗಲ್ಲ ಎತ್ತಿ ಕಣ್ಣಿಗೆ ಏನೋ ಹಾಕುತ್ತಾರೆ. ನಾನು ಬೆಚ್ಚಿಬಿದ್ದು ತಲೆ ಹಿಂದಕ್ಕೆಳೆದೆ, ಟೆಕ್ನಿಷಿಯನ್‌ಗೆ ಸಿಟ್ಟು ಬಂತು, ಮತ್ತೆ ಮೊದಲಿನಿಂದ. ಎರಡನೇ ಸಲ ಬುದ್ಧಿ ಬಂದಿತ್ತು. ದೀಪ ಆರಿಸುವ ಮೊದಲೇ ಸಂಕೇತಗಳನ್ನು ಮಾತಾಡಿಕೊಂಡೆವು: ಭುಜಕ್ಕೆ ಒಂದು ಸಲ ತಟ್ಟಿದರೆ ಶುರು ಮಾಡುತ್ತಿದ್ದೇವೆ, ಎರಡು ಸಲ ತಟ್ಟಿದರೆ ನೇರ ನೋಡು, ಅಂಗೈ ಭುಜದ ಮೇಲೆ ಒತ್ತಿಟ್ಟರೆ ಅಲುಗಾಡಬೇಡ, ಬೆನ್ನು ಸವರಿದರೆ ಮುಗಿಯಿತು. ಚೀಟಿಯಲ್ಲಿ ಬರೆದು ಅವರ ಕೈಗೇ ಕೊಟ್ಟಿದ್ದೆ. ಹತ್ತೇ ನಿಮಿಷದ ಮಾತು, ಇಡೀ ಪರೀಕ್ಷೆ ಸಲೀಸಾಯಿತು. ಮಗುವನ್ನು ಕರೆದೊಯ್ಯುವುದಾದರೆ ಮನೆಯಲ್ಲೇ ನಾಲ್ಕು ದಿನ ಇದನ್ನು ಆಟದ ಹಾಗೆ ಆಡಿ.

ವಾಪಸ್ಸು ಹೋಗಲು ಯಾರನ್ನಾದರೂ ಜೊತೆಗಿಟ್ಟುಕೊಳ್ಳಿ. ಹನಿ ಹಾಕಿದ ಕಣ್ಣಿಗೆ ಬಿಸಿಲು ಚುಚ್ಚುತ್ತದೆ, ತುಟಿ ಓದುವುದಕ್ಕೂ ಆಗುವುದಿಲ್ಲ.

## ಜೀನ್ ರಿಪೋರ್ಟು ಬಂದಾಗ

ರಕ್ತ ಅಥವಾ ಎಂಜಲು ಕೊಟ್ಟು ಕೆಲವು ವಾರ, ಕೆಲವೊಮ್ಮೆ ತಿಂಗಳು ಕಾಯಬೇಕು. ಕೊಡುವ ಮೊದಲೇ ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶವಾಹಿ ಕಾಯಿಲೆಯ ಬಗ್ಗೆ ತಿಳಿಹೇಳುವವರ ಜೊತೆ ಮಾತಾಡಿ, ಆಮೇಲಲ್ಲ.

ರಿಪೋರ್ಟು "ಹೌದು", "ಇಲ್ಲ" ಅಂತ ಎರಡೇ ಥರ ಬರುತ್ತದೆ ಅಂದುಕೊಂಡಿದ್ದೆ. ಹಾಗಿಲ್ಲ. ಅಶರ್ ಬರಬೇಕಾದರೆ ಒಂದೇ ಜೀನ್‌ನ ಎರಡೂ ಪ್ರತಿ, ಅಪ್ಪನಿಂದ ಬಂದದ್ದು ಮತ್ತು ಅಮ್ಮನಿಂದ ಬಂದದ್ದು, ಕೆಟ್ಟಿರಬೇಕು. ಎರಡೂ ಸಿಕ್ಕರೆ ಉತ್ತರ ಸಿಕ್ಕ ಹಾಗೆ. ಒಂದನೇ ಬಗೆಯಲ್ಲಿ ಹೆಚ್ಚಾಗಿ ಸಿಗುವುದು ಮಯೋ7ಎ ಜೀನ್, ಎರಡನೇ ಬಗೆಯಲ್ಲಿ ಯುಎಸ್‌ಎಚ್2ಎ. ಆದರೆ ಒಂದೇ ಬದಲಾವಣೆ ಸಿಗಬಹುದು, ಎರಡನೆಯದು ಜೀನ್‌ನ ಮೂಲೆಯಲ್ಲೆಲ್ಲೋ, ಮಾಮೂಲಿ ಪರೀಕ್ಷೆ ಓದದ ಜಾಗದಲ್ಲಿ ಅಡಗಿರಬಹುದು. ನನ್ನದು ಇದೇ. ಇನ್ನೊಂದು ಥರ ಅಂದರೆ "ಅರ್ಥ ಖಚಿತವಿಲ್ಲದ ಬದಲಾವಣೆ", ರಿಪೋರ್ಟಿನಲ್ಲಿ ವಿಯುಎಸ್ ಅಂತ ಇರುತ್ತದೆ. ಅದು ಕಾಯಿಲೆಯೂ ಅಲ್ಲ, ಕ್ಲೀನ್ ಚಿಟ್ಟೂ ಅಲ್ಲ. ಅದೊಂದನ್ನೇ ನಂಬಿ ಮದುವೆ, ಮಗುವಿನಂಥ ದೊಡ್ಡ ತೀರ್ಮಾನ ಮಾಡಬೇಡಿ.

ಎರಡು ಬದಲಾವಣೆ ಸಿಕ್ಕರೂ ಅಪ್ಪ ಅಮ್ಮನ ಸ್ಯಾಂಪಲ್ ಕೂಡ ಕೇಳುತ್ತಾರೆ. ಎರಡೂ ಒಂದೇ ಕಡೆಯಿಂದ ಬಂದಿದ್ದರೆ ಇನ್ನೊಂದು ಪ್ರತಿ ಸರಿ ಇದೆ ಅಂತ ಅರ್ಥ, ಆಗ ಲೆಕ್ಕವೇ ಬದಲಾಗುತ್ತದೆ. ಜೊತೆಗೆ ಇದನ್ನೂ ಮರೆಯಬೇಡಿ: ಕಿವಿಗೆ ಒಂದು ಜೀನ್, ಕಣ್ಣಿಗೆ ಇನ್ನೊಂದು ಜೀನ್ ಕಾರಣವಾಗಿ, ಎರಡು ಬೇರೆ ಬೇರೆ ತೊಂದರೆ ಒಬ್ಬರಲ್ಲೇ ಕೂಡಿಕೊಂಡಿರಬಹುದು. ಕಿವುಡಿಗೆ ಬಹಳ ಸಾಮಾನ್ಯ ಕಾರಣವಾದ ಕನೆಕ್ಸಿನ್ 26 ಅನ್ನುವ ಜೀನ್‌ಗೂ ಆರ್‌ಪಿಗೂ ಸಂಬಂಧವಿಲ್ಲ. ಅಪ್ಪ ಅಮ್ಮ ರಕ್ತಸಂಬಂಧಿಗಳಾದಾಗ ಹೀಗೆ ಎರಡೆರಡು ಸೇರುವ ಸಾಧ್ಯತೆ ಜಾಸ್ತಿ.

ಮನೆಯವರ ಲೆಕ್ಕ ಹೀಗೆ. ಅಪ್ಪ ಅಮ್ಮ ಇಬ್ಬರೂ ಕ್ಯಾರಿಯರ್ ಆಗಿದ್ದರೆ, ಅಂದರೆ ತಮಗೇನೂ ತೊಂದರೆಯಿಲ್ಲದೆ ಕೆಟ್ಟ ಪ್ರತಿಯೊಂದನ್ನು ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಇನ್ನು ಮೂವರು ಸೇಫ್ ಅನ್ನುವ ಲೆಕ್ಕ ತಪ್ಪು. ಪ್ರತಿ ಸಲವೂ ದಾಳ ಹೊಸದಾಗಿ ಉರುಳುತ್ತದೆ. ಕಾಯಿಲೆಯಿಲ್ಲದ ಅಣ್ಣ ತಂಗಿಯರು ಕ್ಯಾರಿಯರ್ ಆಗಿರುವ ಸಾಧ್ಯತೆ ಮೂರರಲ್ಲಿ ಎರಡು. ಕಾಯಿಲೆ ಇರುವವರು ಆ ಜೀನ್‌ನ ಕ್ಯಾರಿಯರ್ ಅಲ್ಲದವರನ್ನು ಮದುವೆಯಾದರೆ ಮಕ್ಕಳೆಲ್ಲ ಕ್ಯಾರಿಯರ್ ಆಗುತ್ತಾರೆ, ಕಾಯಿಲೆ ಬರುವುದಿಲ್ಲ. ಈ ಕೊನೆಯ ಸಾಲನ್ನು ಕೇಳಿದಾಗ ನಮ್ಮಮ್ಮ ಮೊದಲ ಸಲ ಉಸಿರು ಬಿಟ್ಟರು.

## ಮನೆಯವರಿಗೆ ಹೇಳುವಾಗ

"ಯಾರ ಕಡೆಯಿಂದ ಬಂತು" ಅನ್ನುವ ಪಂಚಾಯ್ತಿ ಶುರುವಾಗುವ ಮೊದಲೇ ಹೇಳಿಬಿಡಿ: ಇಬ್ಬರ ಕಡೆಯಿಂದಲೂ. ಒಬ್ಬರಿಂದಲೇ ಬರುವ ಕಾಯಿಲೆ ಇದಲ್ಲ. ಜಗಳಕ್ಕೆ ಜಾಗವೇ ಇಲ್ಲ, ಆದರೂ ಮಾಡುತ್ತಾರೆ, ಏನು ಮಾಡುವುದು.

ಮಕ್ಕಳಿಗೆ ಅವರಿಗೆ ಬೇಕಾದಷ್ಟೇ ಹೇಳಿ. ಏಳು ವರ್ಷದ ಮಗುವಿಗೆ "ನಿನ್ನ ಕಣ್ಣಿಗೆ ಕತ್ತಲು ಅಂದರೆ ಕಷ್ಟ, ಅದಕ್ಕೇ ಟಾರ್ಚ್" ಅಷ್ಟು ಸಾಕು. ಆದರೆ ಪೂರ್ತಿ ಮುಚ್ಚಿಡಬೇಡಿ. ಗುಟ್ಟಾಗಿ ಪಿಸುಗುಟ್ಟುವುದು ಕೇಳಿಸದಿದ್ದರೂ ಮುಖ ಓದುವುದರಲ್ಲಿ ಕಿವಿ ಮಂದದ ಮಕ್ಕಳು ಎಲ್ಲರಿಗಿಂತ ಚುರುಕು.

## ಮನೆಯೊಳಗೆ ಈ ವಾರವೇ ಮಾಡಬಹುದಾದದ್ದು

ಅರ್ಧ ತೆರೆದ ಬಾಗಿಲು ನಮ್ಮ ಮೊದಲ ಶತ್ರು. ಬಾಗಿಲ ಅಂಚು ನೇರ ನಮ್ಮ ಕಡೆ ತಿರುಗಿರುತ್ತದೆ, ತೆಳ್ಳಗೆ, ಕಾಣುವುದೇ ಇಲ್ಲ. ಪೂರ್ತಿ ತೆರೆಯಬೇಕು ಇಲ್ಲ ಪೂರ್ತಿ ಮುಚ್ಚಬೇಕು, ಮನೆಯಲ್ಲಿ ಇದೊಂದು ಕಾನೂನಾಗಲಿ. ಕುರ್ಚಿ ಎದ್ದ ಕೂಡಲೇ ಒಳಗೆ ತಳ್ಳಬೇಕು. ಮೊಣಕಾಲೆತ್ತರದ ಟೀಪಾಯಿ, ಸ್ಟೂಲು ಇವುಗಳನ್ನು ಓಡಾಡುವ ದಾರಿಯಿಂದ ತೆಗೆಯಿರಿ. ಮೆಟ್ಟಿಲ ಅಂಚಿಗೆ ನೆಲದ ಬಣ್ಣಕ್ಕೆ ವಿರುದ್ಧವಾದ ಪಟ್ಟಿ ಅಂಟಿಸಿ, ಮೊದಲನೆಯದಕ್ಕೂ ಕೊನೆಯದಕ್ಕೂ ತಪ್ಪದೆ.

ಬೆಳಕು ಜಾಸ್ತಿ ಇದ್ದರೆ ಸಾಲದು, ಒಂದೇ ಸಮ ಇರಬೇಕು. ಒಂದು ಕೋಣೆ ಝಗಝಗ, ಪಕ್ಕದ್ದು ಮಬ್ಬು ಆದರೆ ಹೊಂದಿಕೊಳ್ಳಲು ನಮ್ಮ ಕಣ್ಣಿಗೆ ಬಹಳ ಹೊತ್ತು ಬೇಕು. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ಪೂರ್ತಿ ಉರಿಯುವ ಸಣ್ಣ ದೀಪಗಳನ್ನು ನೆಲದ ಹತ್ತಿರ ಹಾಕಿ.

ಮಾತಾಡಲು ಕೂರುವಾಗ ಕಿಟಕಿ ನಿಮ್ಮ ಬೆನ್ನಿಗಿರಲಿ. ಆಗ ಬೆಳಕು ಎದುರಿನವರ ಮುಖದ ಮೇಲೆ ಬೀಳುತ್ತದೆ, ತುಟಿ ಕಾಣುತ್ತದೆ. ಗುಂಪಿನಲ್ಲಾದರೆ ಮೂಲೆ ಹಿಡಿಯಿರಿ, ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಸನ್ನೆ ಭಾಷೆಯವರಾದರೆ, ನೋಟ ಕಿರಿದಾದವರ ಹತ್ತಿರ ಬಂದು ಸನ್ನೆ ಮಾಡಿದರೆ ಉಲ್ಟಾ ಕಷ್ಟ, ಕೈಗಳು ಚೌಕಟ್ಟಿನಿಂದ ಹೊರಗೆ ಹೋಗಿಬಿಡುತ್ತವೆ. ಒಂದೂವರೆ ಎರಡು ಮೀಟರ್ ಹಿಂದೆ ಸರಿದು, ಎದೆಯ ಮುಂದೆ ಸಣ್ಣದಾಗಿ ಸನ್ನೆ ಮಾಡಬೇಕು, ಮೈಬಣ್ಣಕ್ಕೆ ವಿರುದ್ಧ ಬಣ್ಣದ, ಚಿತ್ತಾರವಿಲ್ಲದ ಅಂಗಿ ಹಾಕಿಕೊಳ್ಳಬೇಕು.

## ಕಿವಿಯನ್ನು ಕಣ್ಣಿನ ಕೆಲಸಕ್ಕೂ ತಯಾರು ಮಾಡಿ

ಕಣ್ಣು ಕಿರಿದಾದಷ್ಟೂ ಶಬ್ದ ಎಲ್ಲಿಂದ ಬಂತು ಅನ್ನುವುದು ಮುಖ್ಯವಾಗುತ್ತದೆ. ಅದಕ್ಕೆ ಎರಡು ಕಿವಿಯೂ ಬೇಕು. ಒಂದಕ್ಕೆ ಮಾತ್ರ ಮಷೀನು ಹಾಕಿಕೊಂಡು "ಸಾಕು" ಅಂದುಕೊಂಡಿದ್ದರೆ ಈಗಲೇ ಎರಡನೆಯದನ್ನು ಯೋಚಿಸಿ. ಇನ್ನೊಂದು, ಆಡಿಯೋಲಜಿಸ್ಟ್ ತಾವಾಗಿ ಹೇಳದೇ ಹೋಗಬಹುದಾದ ವಿಷಯ: ಈಗಿನ ಹಿಯರಿಂಗ್ ಏಡ್‌ಗಳು ಎದುರಿನ ಮಾತನ್ನು ಎತ್ತಿ ಸುತ್ತಲಿನ ಗದ್ದಲವನ್ನು ತಗ್ಗಿಸುತ್ತವೆ. ಕೂತು ಮಾತಾಡುವಾಗ ಅದು ವರ. ರಸ್ತೆ ದಾಟುವಾಗ ಆ "ಗದ್ದಲ"ವೇ ಬಸ್ಸು. ಓಡಾಡಲು ಬೇರೆ ಪ್ರೋಗ್ರಾಮ್ ಹಾಕಿಸಿಕೊಳ್ಳಿ, ಎಲ್ಲ ದಿಕ್ಕಿನ ಶಬ್ದವೂ ಬರಬೇಕು, ಗದ್ದಲ ತಗ್ಗಿಸುವುದು ಆಫ್ ಇರಬೇಕು.

ಹುಟ್ಟಾ ಪೂರ್ತಿ ಕಿವುಡಿರುವ ಮಗುವಿಗೆ ಅಶರ್ ಅನುಮಾನ ಇದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಮಾತನ್ನು ತಡ ಮಾಡಬೇಡಿ. ಇದರಲ್ಲಿ ಕೆಟ್ಟಿರುವುದು ಒಳಕಿವಿಯ ಕೋಶಗಳು, ಶ್ರವಣ ನರ ಸಾಮಾನ್ಯವಾಗಿ ಸರಿಯಿರುತ್ತದೆ. ಇಂಪ್ಲಾಂಟ್ ನೇರ ನರಕ್ಕೇ ಸಂಕೇತ ಕೊಡುವುದರಿಂದ ಒಳ್ಳೆಯ ಫಲ ಸಿಗುತ್ತದೆ, ಅದೂ ಒಂದು ವರ್ಷದ ಆಸುಪಾಸಿನಲ್ಲೇ ಹಾಕಿಸಿದರೆ. ಸನ್ನೆ ಭಾಷೆ ಬೇಡ ಅಂತ ಅರ್ಥವಲ್ಲ. ಎರಡೂ ಇರಲಿ ಅನ್ನುವುದು ನನ್ನ ಅಭಿಪ್ರಾಯ.

## ಹೊರಗೆ: ಕೋಲು, ಗಾಡಿ, ನೀರು

ಬಿಳಿ ಕೋಲು ಪೂರ್ತಿ ಕುರುಡರಿಗೆ ಮಾತ್ರ ಅಂತ ನಾನೂ ಅಂದುಕೊಂಡಿದ್ದೆ. ಮಡಚುವ ಕೋಲೊಂದನ್ನು ತಂದು ಎಂಟು ತಿಂಗಳು ಚೀಲದೊಳಗೇ ಇಟ್ಟುಕೊಂಡಿದ್ದೆ. ಕತ್ತಲಲ್ಲಿ ಬೇಕು, ಹಗಲಲ್ಲಿ ಫೋನು ಓದುತ್ತೇನೆ, ನೋಡಿದವರು ನಾಟಕ ಅಂತಾರೆ, ಅದೇ ಭಯ. ಒಂದು ಸಂಜೆ ರಸ್ತೆ ಬದಿಯ ಗುಂಡಿಗೆ ಕಾಲಿಟ್ಟು ಪಾದ ಉಳುಕಿದ ಮೇಲೆ ನಾಚಿಕೆ ತಾನಾಗಿ ಹೋಯಿತು. ಕೋಲು ಹಿಡಿದಾಗ ಎರಡು ಕೆಲಸ ಆಗುತ್ತದೆ: ನೆಲ ನಿಮಗೆ ತಿಳಿಯುತ್ತದೆ, ನೀವು ಬೇರೆಯವರಿಗೆ ತಿಳಿಯುತ್ತೀರಿ. ಕೋಲಿಗೆ ಕೆಂಪು ಪಟ್ಟಿಗಳಿದ್ದರೆ ಕಿವಿಯೂ ಮಂದ ಅಂತ ಹಲವು ದೇಶಗಳಲ್ಲಿ ಅರ್ಥ. ಹಿಡಿಯುವುದನ್ನು ಓಡಾಟದ ತರಬೇತಿ ಕೊಡುವವರಿಂದಲೇ ಕಲಿಯಿರಿ, ಕಣ್ಣು ಇನ್ನೂ ಸಹಾಯ ಮಾಡುತ್ತಿರುವಾಗಲೇ.

ಗಾಡಿ ಓಡಿಸುವ ವಿಚಾರದಲ್ಲಿ ನಯವಾಗಿ ಹೇಳಲು ನನಗೆ ಬರುವುದಿಲ್ಲ. ಎಷ್ಟು ಕಾಣುವುದಿಲ್ಲ ಅನ್ನುವುದು ನಮಗೇ ಗೊತ್ತಾಗುವುದಿಲ್ಲ, ಮಿದುಳಿನ ತೇಪೆ ಅಂದೆನಲ್ಲ, ಅದೇ. ಫೀಲ್ಡ್ ಟೆಸ್ಟ್ ರಿಪೋರ್ಟು ಹಿಡಿದು ನಿಮ್ಮಲ್ಲಿನ ನಿಯಮಕ್ಕೆ ಹೋಲಿಸಿ ನೋಡಿ. ಅಲ್ಲಿಯವರೆಗೆ ಕತ್ತಲಲ್ಲಂತೂ ಬೇಡ.

ಒಂದನೇ ಬಗೆಯವರು ನೀರಿನಲ್ಲಿ ಹುಷಾರು. ಒಳಕಿವಿಯ ಸಮತೋಲನ ಇಲ್ಲದವರು ಕಣ್ಣಿನಿಂದಲೇ ಮೇಲೆ ಕೆಳಗೆ ತಿಳಿಯುವುದು. ಮುಳುಗಿ ಕಣ್ಣು ಮುಚ್ಚಿದರೆ, ನೀರು ಕದಡಿದ್ದರೆ, ಮೇಲ್ಮೈ ಯಾವ ಕಡೆ ಅಂತ ಗೊತ್ತಾಗದೇ ಹೋಗಬಹುದು. ಈಜಬಹುದು, ಒಬ್ಬರೇ ಬೇಡ.

ಚೀಲದಲ್ಲಿ ಒಂದು ಕಾರ್ಡ್ ಇಟ್ಟುಕೊಳ್ಳಿ, ದೊಡ್ಡ ಅಕ್ಷರದಲ್ಲಿ. ನನ್ನದರಲ್ಲಿ ಇಷ್ಟೇ ಇದೆ: "ನನಗೆ ಕಿವಿ ಮಂದ, ಬದಿಯಿಂದ ಬಂದದ್ದು ಕಾಣುವುದಿಲ್ಲ. ಎದುರಿಗೆ ಬಂದು ನಿಂತು ಮಾತಾಡಿ. ಎಳೆಯಬೇಡಿ, ನಿಮ್ಮ ಮೊಣಕೈ ಹಿಡಿದುಕೊಳ್ಳಲು ಬಿಡಿ."

## ಕಾಣುವಾಗಲೇ ಕಲಿತಿಡುವುದು

ಪರದೆಯ ಮೇಲಿರುವುದನ್ನು ಓದಿ ಹೇಳುವ ಫೋನಿನ ಸ್ಕ್ರೀನ್ ರೀಡರ್ ಅನ್ನು ಈಗಲೇ ಆನ್ ಮಾಡಿ ದಿನಕ್ಕೆ ಹದಿನೈದು ನಿಮಿಷ ಆಡಿ. ಐಫೋನಿನಲ್ಲಿ ವಾಯ್ಸ್‌ಓವರ್, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿಗೆ ಉಚಿತವಾಗಿ ಸಿಗುವ ಎನ್‌ವಿಡಿಎ. ಕಣ್ಣಿಂದ ನೋಡುತ್ತಾ ಕಲಿತರೆ ಅರ್ಧ ಹೊತ್ತು ಸಾಕು. ಆದರೆ ನಮಗೆ ಮಾತಾಡುವ ಫೋನು ಒಂದೇ ಸಾಲದು, ಕಿವಿಯೂ ಕೈಕೊಡಬಹುದಲ್ವಾ. ಅದಕ್ಕೇ ಬ್ರೈಲ್. ಫೋನಿಗೆ ಜೋಡಿಸುವ ಬ್ರೈಲ್ ಡಿಸ್‌ಪ್ಲೇಯಲ್ಲಿ ಸಣ್ಣ ಕಡ್ಡಿಗಳು ಎದ್ದು ಬಿದ್ದು ಅಕ್ಷರ ಮೂಡುತ್ತದೆ, ಶಬ್ದವಿಲ್ಲದೆ ಮೆಸೇಜು ಓದಬಹುದು. ಬೆರಳು ಪಳಗಲು ತಿಂಗಳುಗಳು ಬೇಕು, ಹಾಗಾಗಿ ಅವಸರ ಬೀಳುವ ಮೊದಲೇ ಶುರು ಮಾಡಿ. ಮನೆಯವರ ಜೊತೆ ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದನ್ನು ಇವತ್ತೇ ಅಭ್ಯಾಸ ಮಾಡಬಹುದು. ಕರೆಂಟು ಹೋದಾಗ ನಾನೂ ನನ್ನ ತಮ್ಮನೂ ಹೀಗೇ ಹರಟೆ ಹೊಡೆಯುತ್ತೇವೆ, ಬೈಗುಳವೂ ಸೇರಿ.

ಸುಸ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ದಿನವಿಡೀ ಅರ್ಧ ಕೇಳಿದ್ದನ್ನು, ಅರ್ಧ ಕಂಡದ್ದನ್ನು ಜೋಡಿಸಿ ಅರ್ಥ ಮಾಡಿಕೊಳ್ಳುವುದು ದುಡಿಮೆಯೇ. ಸಂಜೆ ಏಡ್ ತೆಗೆದಿಟ್ಟು, ಕಣ್ಣು ಮುಚ್ಚಿ ಅರ್ಧ ಗಂಟೆ ಕೂತರೆ ಅದು ಸೋಮಾರಿತನ ಅಲ್ಲ.

## ಔಷಧಿ, ಆಸೆ, ಮೋಸ

ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿಗೇ ಆಗಲಿ ಜ್ವರಕ್ಕೇ ಆಗಲಿ, ಕಿವಿ ಕಣ್ಣು ಎರಡರ ವಿಷಯವನ್ನೂ ಮೊದಲೇ ಹೇಳಿ. ಜೆಂಟಮೈಸಿನ್, ಅಮಿಕಾಸಿನ್‌ನಂಥ ಇಂಜೆಕ್ಷನ್ನುಗಳು ಕಿವಿಗೆ ಪೆಟ್ಟು ಕೊಡಬಲ್ಲವು. ಹೈಡ್ರಾಕ್ಸಿಕ್ಲೋರೋಕ್ವಿನ್ ರೆಟಿನಾಗೆ ಒಳ್ಳೆಯದಲ್ಲ. ಬೇರೆ ದಾರಿಯಿದೆಯಾ ಅಂತ ಕೇಳುವುದು ನಿಮ್ಮ ಹಕ್ಕು. ವಿಟಮಿನ್ ಎ ಜಾಸ್ತಿ ನುಂಗಿದರೆ ಆರ್‌ಪಿ ನಿಧಾನವಾಗುತ್ತದೆ ಅಂತ 1993ರಲ್ಲಿ ಒಂದು ಅಧ್ಯಯನ ಆಸೆ ಹುಟ್ಟಿಸಿತ್ತು, 2023ರಲ್ಲಿ ಅದೇ ಮಾಹಿತಿಯನ್ನು ಮತ್ತೆ ಕೂಡಿಸಿ ನೋಡಿದಾಗ ಲಾಭ ಕಾಣಲಿಲ್ಲ. ದೊಡ್ಡ ಡೋಸ್ ಲಿವರಿಗೆ ಅಪಾಯ, ಬಸಿರಿನಲ್ಲಿ ಮಗುವಿಗೂ. ತಾವಾಗಿ ನುಂಗಬೇಡಿ.

2017ರಲ್ಲಿ ಅಮೆರಿಕದಲ್ಲಿ ಕಣ್ಣಿಗೆ ಮೊದಲ ಜೀನ್ ಚಿಕಿತ್ಸೆ ಒಪ್ಪಿಗೆ ಪಡೆಯಿತು, ಅದು ಆರ್‌ಪಿಇ65 ಅನ್ನುವ ಬೇರೆ ಜೀನ್‌ಗೆ. ನಮ್ಮ ಜೀನ್‌ಗಳ ಕಷ್ಟ ಅವುಗಳ ಗಾತ್ರ. ಸರಿಯಾದ ಜೀನ್ ಹೊತ್ತೊಯ್ಯುವ ವೈರಸ್ಸಿನ ಚೀಲದಲ್ಲಿ ಡಿಎನ್‌ಎಯ ಸುಮಾರು 4,700 ಅಕ್ಷರ ಹಿಡಿಸುತ್ತದೆ, ಯುಎಸ್‌ಎಚ್2ಎ ಒಂದಕ್ಕೇ 15,600 ಅಕ್ಷರ. ಅದಕ್ಕೇ ಬೇರೆ ಬೇರೆ ಉಪಾಯಗಳ ಪ್ರಯೋಗ ನಡೆಯುತ್ತಿದೆ. ನಿಮ್ಮ ಜೀನ್ ಯಾವುದು ಅಂತ ಗೊತ್ತಿದ್ದರೆ ಮಾತ್ರ ಅಂಥ ಪ್ರಯೋಗಕ್ಕೆ ಸೇರಬಹುದು, ಪರೀಕ್ಷೆ ಮಾಡಿಸಲು ಇದೂ ಒಂದು ಕಾರಣ.

ದುಡ್ಡು ಕೊಟ್ಟು ಸ್ಟೆಮ್ ಸೆಲ್ ಹಾಕಿಸಿಕೊಳ್ಳಿ ಅಂತ ಯಾರಾದರೂ ಅಂದರೆ ಎದ್ದು ಬನ್ನಿ. ಅದೇ 2017ರಲ್ಲಿ, ಅಮೆರಿಕದ ಒಂದು ಕ್ಲಿನಿಕ್ಕಿನಲ್ಲಿ ಹೊಟ್ಟೆಯ ಕೊಬ್ಬಿನಿಂದ ತೆಗೆದದ್ದನ್ನು ಎರಡೂ ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಹೆಂಗಸರು ದೃಷ್ಟಿ ಕಳೆದುಕೊಂಡ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅವರಿಗಿದ್ದದ್ದು ಬೇರೆ ಕಾಯಿಲೆ, ಸಿಕ್ಕ ಭರವಸೆ ಮಾತ್ರ ಇದೇ.

## ಕಾಯಬಾರದ ಹೊತ್ತು, ವರ್ಷಕ್ಕೊಮ್ಮೆಯ ಕೆಲಸ

ಆರ್‌ಪಿ ನಿಧಾನದ ಕಾಯಿಲೆ. ಅಂಚಿನಲ್ಲಿ ಮಿಣುಕು ಬೆಳಕು ಕಾಣಿಸುವುದು ಮಾಮೂಲು. ಆದರೆ ಇದ್ದಕ್ಕಿದ್ದ ಹಾಗೆ ಹೊಸ ಮಿಂಚು, ಕಪ್ಪು ಚುಕ್ಕಿಗಳ ಮಳೆ, ಒಂದು ಕಡೆಯಿಂದ ಪರದೆ ಎಳೆದ ಹಾಗೆ ಆದರೆ ರೆಟಿನಾ ಕಿತ್ತಿರಬಹುದು, ಅವತ್ತೇ ಹೋಗಿ. ಒಂದು ಕಿವಿ ರಾತ್ರೋರಾತ್ರಿ ಕೇಳಿಸದಂತಾದರೂ ಅಷ್ಟೇ, ಮೊದಲ ಕೆಲವು ದಿನಗಳ ಚಿಕಿತ್ಸೆಗೆ ಬೆಲೆ ಜಾಸ್ತಿ. ನಡುವಿನ ನೋಟ ಮಸುಕಾದರೆ "ಕಾಯಿಲೆ ಮುಂದುವರಿಯಿತು" ಅಂತ ಸುಮ್ನೆ ಇರಬೇಡಿ. ಅದು ಪೊರೆಯಿರಬಹುದು, ಆಪರೇಷನ್ ಇದೆ. ರೆಟಿನಾ ನಡುವೆ ನೀರು ತುಂಬಿ ಊದಿರಬಹುದು, ಅದಕ್ಕೂ ಹನಿ, ಮಾತ್ರೆ ಇವೆ. ಇಲ್ಲದ ವ್ಯಕ್ತಿಗಳು, ಹೂಬಳ್ಳಿ, ಗೋಡೆ ಕಾಣಿಸಿದರೆ ಹುಚ್ಚು ಹಿಡಿಯಿತು ಅಂತ ಹೆದರಬೇಡಿ. ನೋಟ ಕಳೆದುಕೊಂಡವರಲ್ಲಿ ಮಿದುಳು ಹೀಗೆ ಚಿತ್ರ ಕಟ್ಟುವುದುಂಟು, ಚಾರ್ಲ್ಸ್ ಬೋನೆ ಸಿಂಡ್ರೋಮ್ ಅನ್ನುತ್ತಾರೆ, ಡಾಕ್ಟರಿಗೆ ಹೇಳಿ.

ವರ್ಷಕ್ಕೊಮ್ಮೆ ಆಡಿಯೋಗ್ರಾಮ್, ಫೀಲ್ಡ್ ಟೆಸ್ಟ್, ಒಸಿಟಿ. ಪ್ರತಿ ರಿಪೋರ್ಟಿನ ಫೋಟೋ ತೆಗೆದು ಒಂದೇ ಕಡೆ ಇಡಿ. ಜೀನ್ ರಿಪೋರ್ಟನ್ನೂ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ನೋಡಲು ಹೇಳಿ. ಎಷ್ಟೋ ಸಲ ಹೊಸದಾಗಿ ರಕ್ತ ಕೊಡಬೇಕಾಗಿಲ್ಲ, ಇರುವ ಮಾಹಿತಿಯನ್ನೇ ಹೊಸ ತಿಳಿವಳಿಕೆಯ ಜೊತೆ ಹೋಲಿಸುತ್ತಾರೆ. ಆದರೆ ನೀವು ಕೇಳಬೇಕು, ಅವರಾಗಿ ಫೋನ್ ಮಾಡುತ್ತಾರೆ ಅಂತ ಕಾದರೆ ಆಗುವುದಿಲ್ಲ. ನನ್ನ ಮುಂದಿನ ದಿನವನ್ನು ಫೋನಿನಲ್ಲಿ ಗುರುತು ಹಾಕಿದ್ದೇನೆ, ಕೆಳಗೆ ಕೇಳಬೇಕಾದ ಪ್ರಶ್ನೆಯೂ ಇದೆ: ಎರಡನೇ ಬದಲಾವಣೆ ಸಿಕ್ಕಿತಾ?